ಮೇಷ್ಟ್ರ ಸೀಟಿ

ಚಿಕ್ಕಜಾಜೂರಿನಲ್ಲಿ ಇಂಜಿನ್ ನೀರು ತುಂಬಿಸಿಕೊಳ್ಳುವಷ್ಟು ಹೊತ್ತು ಚಹಾ ಕುಡಿಯೋಣವೆಂದು ಇಳಿದೆ. ನನ್ನ ಜೊತೆ ಇಳಿದ ನಮ್ಮ ಬೋಗಿಯ ಇಬ್ಬರು, ಒಬ್ಬ ಶಿವಮೊಗ್ಗದವನು, ಒಬ್ಬ ಚಿತ್ರದುರ್ಗದವನು, ಅಲ್ಲೂ ತಮ್ಮ ಹಳೇ ಕಾಲೇಜುಗಳ ಫುಟ್‌ಬಾಲ್ ಜಗಳ ಬಿಟ್ಟಿರಲಿಲ್ಲ.

"ನಿಮ್ಮ ವಲಯದಲ್ಲಿ ಬರೀ ಸಪ್ಪೆ ಟೀಮುಗಳು. ಅವನ್ನ ಸೋಲಿಸಿ ನಿಮ್ಮ ಹಳೇ ಆಟದ ಮೇಷ್ಟ್ರು ದೊಡ್ಡೋರಾದ್ರು," ಎಂದ ಶಿವಮೊಗ್ಗದವನು.

ದುರ್ಗದವನು ಚಹಾದ ಲೋಟ ಕೆಳಗಿಟ್ಟ. "ರಿಟೈರಾಗಿ ಮನೇಲಿರೋರ್ನ ಹಂಗನ್ಬ್ಯಾಡ್ರಿ. ಸೀಟಿ ಕೇಳಿದ್ರೆ ಎತ್ತಿದ ಕಾಲು ಎತ್ತಿದಂಗೇ ನಿಲ್ಬೇಕು ಅಂತ ಕಲಿಸಿದೋರು ಅವರು. ಹತ್ತು ವರ್ಷ ಆತು, ಇನ್ನೂ ಮೈಯಾಗೆ ಐತೆ."

ಅಷ್ಟರಲ್ಲಿ ಗಾರ್ಡ್ ಸೀಟಿ ಊದಿದ. ನಾನೂ ಶಿವಮೊಗ್ಗದವನೂ ಓಡಿ ಹತ್ತಿದೆವು. ದುರ್ಗದವನು ಮಾತ್ರ ನಿಂತಲ್ಲೇ ನಿಂತುಬಿಟ್ಟ. ಅವನಿಗೆ ಎಚ್ಚರವಾಗುವಷ್ಟರಲ್ಲಿ ರೈಲು ಪ್ಲಾಟ್‌ಫಾರಂ ದಾಟಿತ್ತು.

ಶಿವಮೊಗ್ಗದವನು ದುರ್ಗದವನ ಚೀಲವನ್ನು ಬೀರೂರಿನವರೆಗೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಮೇಲೆ ಹೇಳಿದ: "ನಮ್ಮ ಮೇಷ್ಟ್ರು ಕಲಿಸಿದ್ದು ನಂಗೊಂದೂ ನೆನಪಿಲ್ಲ, ಸಾರ್."