ನಿಧಾನಕ್ಕನ ಹಿಂದೆ ಒಂದು ದೋಣಿ

ಸೂರ್ಯನಿಗೆ ಇನ್ನೂ ಹಾಸಿಗೆ ಬಿಡುವ ಮನಸ್ಸಾಗಿಲ್ಲ. ಓಣಿಯ ಕೊನೆಯ ಮನೆ ಮುಂದೆ ಮಾತ್ರ ಆಗಲೇ ಗಂಡಹೆಂಡಿರ ಕೂಗಾಟ ಶುರುವಾಗಿದೆ. ಹೆಂಡತಿ ಪಿಕಪ್ಪಿನ ಸ್ಟೇರಿಂಗ್ ಹಿಡಿದು ಕೂತಿದ್ದಾರೆ. ಗಂಡ, ಹಿಂದಿನ ಖಾಲಿ ಟ್ರೇಲರಿನ ಬಾಲದ ಹತ್ತಿರ ಕೈಕಟ್ಟಿ ನಿಂತಿದ್ದಾರೆ.

"ಎಡ," ಎಂದು ಒಳಗಿನಿಂದ ದನಿ ಬರುತ್ತದೆ.

"ಉರೀತು."

"ಬಲ."

"ಅದೂ ಉರೀತು."

"ಬ್ರೇಕು."

"ಎಲ್ಲಾ ಉರೀತಿದೆ ಕಣೇ, ಒಲೆ ಒಂದು ಬಿಟ್ಟು."

"ಇವತ್ತು ಅದು ನಿಮ್ಮ ಪಾಳಿ," ಎಂದು ಹೇಳಿ ಅಕ್ಕ ಗಾಡಿ ಹೊರಡಿಸುತ್ತಾರೆ. ಗಂಡ ವೈರಿಂಗ್ ಕೆಲಸದವರು. ಟ್ರೇಲರಿನ ದೀಪಗಳಿಗೆ ತಂತಿ ಎಳೆದವರು ಅವರೇ. ದಿನಾ ಬೆಳಗ್ಗೆ ಈ ಪರೀಕ್ಷೆ ಆಗದೆ ಈ ಮನೆಯಿಂದ ಚಕ್ರ ಉರುಳಿದ್ದಿಲ್ಲ.

ಇವರೇ ನಿಧಾನಕ್ಕ. ಹೆತ್ತವರು ಇಟ್ಟ ಹೆಸರು ಬೇರೆ, ಅದು ಈಗ ಲೈಸೆನ್ಸಿನಲ್ಲಿ ಮಾತ್ರ ವಾಸವಾಗಿದೆ. ಇವರ ಹಿಂದೆ ಸಿಕ್ಕಿಹಾಕಿಕೊಂಡ ಬಸ್ಸು, ಬೈಕು, ಕಾರಿನವರೆಲ್ಲ ಸೇರಿ, ಹಲ್ಲು ಕಡಿಯುತ್ತಾ ಕೊಟ್ಟ ಹೆಸರು ಇದು. ಭಾರ ಕಟ್ಟಿಕೊಂಡಾಗ ಸ್ಪೀಡು ನಲವತ್ತು ದಾಟುವುದಿಲ್ಲ. ಇಳಿಜಾರು ಬಂದರೆ ಅದರಲ್ಲೂ ಅರ್ಧ. ಪುಟ್ಟ ರಸ್ತೆ ರೋಲರು, ಜನರೇಟರು, ಲೇತ್ ಮಷೀನು, ಒಮ್ಮೆ ಇಡೀ ಒಂದು ಗೂಡಂಗಡಿ, ಅದರೊಳಗೆ ಮಲಗಿದ್ದ ಬೆಕ್ಕಿನ ಸಮೇತ, ಎಲ್ಲವೂ ಈ ಪಿಕಪ್ಪಿನ ಬೆನ್ನು ಹಿಡಿದು ಊರು ಸುತ್ತಿವೆ. ಬೆಕ್ಕಿಗೆ ಎಚ್ಚರವಾದದ್ದು ಅಂಗಡಿ ಇಳಿಸಿದ ಮೇಲೆ.

ಪ್ರಭಾರ ವಹಿಸಿಕೊಳ್ಳುವವರಿಗೆ ಕುರ್ಚಿ, ಬೋರ್ಡು, ಬಾಗಿಲಲ್ಲಿ ಒಬ್ಬ ಆಳು. ಬರೀ ಭಾರ ವಹಿಸಿಕೊಳ್ಳುವವರಿಗೆ ಹಿಂದಿನಿಂದ ಹಾರ್ನು. ಅಲ್ಲಿ ಕೆಲಸವನ್ನು ಎಳೆಯುತ್ತಾರೆ, ಇಲ್ಲಿ ಎಳೆಯುವುದೇ ಕೆಲಸ. ಅಕ್ಕನಿಗೆ ಇದರ ಬಗ್ಗೆ ತಕರಾರೇನಿಲ್ಲ. "ಹಾರ್ನ್ ಹೊಡೀತಿದ್ದಾರೆ ಅಂದ್ರೆ ಹಿಂದಿರೋರು ಕ್ಷೇಮ ಅಂತ ಅರ್ಥ. ಸದ್ದು ನಿಂತ್ರೇನೆ ಕನ್ನಡಿ ನೋಡ್ಬೇಕು," ಎನ್ನುತ್ತಾರೆ.

ಇವತ್ತಿನ ಭಾರ ಹೊಳೆದಂಡೆಯಲ್ಲಿ ಕಾದಿದೆ. ಅದೊಂದು ಕಬ್ಬಿಣದ ದೋಣಿ. ಅಗಲ ತಳ, ಎರಡು ಸಾಲು ಬೆಂಚು, ಹಿಂಭಾಗದಲ್ಲಿ ಆನೆಮರಿಯಂಥ ಡೀಸೆಲ್ ಎಂಜಿನ್. ಹೊಳೆಗೆ ಸೇತುವೆ ಆದಮೇಲೆ ಅದನ್ನು ಹತ್ತುವವರಿಲ್ಲ. ಈಗ ದಂಡೆಗೆ ಗೋಡೆ ಕಟ್ಟುತ್ತಿದ್ದಾರೆ. ಮಧ್ಯಾಹ್ನದೊಳಗೆ ಜಾಗ ಖಾಲಿಯಾಗಬೇಕು. ಊರಾಚೆಯ ಮಕ್ಕಳ ಪಾರ್ಕಿನವರು, ತಂದುಕೊಟ್ಟರೆ ಮರಳಿನಲ್ಲಿ ನಿಲ್ಲಿಸಿ ಮಕ್ಕಳಿಗೆ ಆಡಲು ಬಿಡುತ್ತೇವೆ ಎಂದಿದ್ದಾರೆ. ತರಲಾಗದಿದ್ದರೆ? ಆ ಪ್ರಶ್ನೆಗೆ ಉತ್ತರವಾಗಿ ಗುಜರಿಯವನು ಗ್ಯಾಸ್ ಕಟರಿನ ಜೊತೆ ಕಲ್ಲಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದಾನೆ.

"ನನಗೇನೂ ಅವಸರ ಇಲ್ಲಕ್ಕ," ಎನ್ನುತ್ತಾನೆ ಅವನು. "ಕಬ್ಬಿಣ ಹಳಸೋದಿಲ್ಲ."

ದೋಣಿಯ ಪಕ್ಕ, ಅದನ್ನು ಮೂವತ್ತೈದು ವರ್ಷ ನಡೆಸಿದ ದೋಣಿಮಾಮ ನಿಂತಿದ್ದಾರೆ. ಸಂಬಂಧದಲ್ಲಿ ಯಾರಿಗೂ ಮಾಮ ಅಲ್ಲ, ಶಾಲೆಗೆ ಹೋಗುತ್ತಿದ್ದ ಮಕ್ಕಳಿಗೆಲ್ಲ ಮಾಮ. ನಿಧಾನಕ್ಕನೂ ಆ ಮಕ್ಕಳಲ್ಲಿ ಒಬ್ಬಳಾಗಿದ್ದವಳು. ಆಗ ಎರಡು ಜಡೆ, ಒಂದು ಚೀಲ. ಓಡಿಹೋಗಿ ದೋಣಿಯ ಮೂತಿಯ ಹಲಗೆ ಹಿಡಿಯುವುದು ದಿನದ ಮೊದಲ ಯುದ್ಧ. ಅಲ್ಲಿ ಕೂತರೆ, ಮಗಳನ್ನು ದೋಣಿಗೆ ಬಿಡಲು ಬಂದ ಅಪ್ಪ ದಂಡೆಯ ಮೇಲೆ, ತನ್ನ ಹಳೇ ಪಿಕಪ್ಪಿಗೆ ಒರಗಿ ನಿಂತದ್ದು ಕಾಣುತ್ತಿತ್ತು. ನಡುನೀರಿನಲ್ಲಿ ದೋಣಿ ತಿರುಗುವವರೆಗೂ ಕಾಣುತ್ತಿತ್ತು. ಡೀಸೆಲ್ ಹೊಗೆಯ ವಾಸನೆ ಬಂದರೆ ಅಕ್ಕನಿಗೆ ಇವತ್ತಿಗೂ ಲೆಕ್ಕದ ಪರೀಕ್ಷೆ ನೆನಪಾಗುತ್ತದಂತೆ.

ಟ್ರೇಲರನ್ನು ಇಳಿಜಾರಿನಲ್ಲಿ ನೀರಿನ ಅಂಚಿಗೆ ಹಿಮ್ಮುಖವಾಗಿ ಇಳಿಸಿ, ಹಗ್ಗ ಸುತ್ತುವ ಕೈರಾಟೆಯಿಂದ ದೋಣಿಯನ್ನು ಅದರ ಮೇಲೆ ಎಳೆದುಕೊಳ್ಳಲು ಒಂದು ಗಂಟೆ ಹಿಡಿಯುತ್ತದೆ. ಮೂತಿ ಮುಂದೆ, ಎಂಜಿನ್ ಹಿಂದೆ. ಮೇಲಿನ ಸಮ ಜಾಗಕ್ಕೆ ಮೆಲ್ಲಗೆ ತಂದು ನಿಲ್ಲಿಸಿದ್ದೇ ತಡ, ಎಲ್ಲ ಮುಗಿಯಿತೆಂದು ಮಾಮ ಕೈ ಒರೆಸಿಕೊಳ್ಳುತ್ತಾರೆ. ಅಕ್ಕನ ಕೆಲಸ ಈಗ ಶುರು. ಪಿಕಪ್ಪಿನ ಹಿಂಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ನೆಲದಿಂದ ಬಂಪರಿನವರೆಗೆ ಗೇಣು ಹಾಕುತ್ತಾರೆ. ಭಾರ ಕಟ್ಟುವ ಮೊದಲು ಒಮ್ಮೆ ಅಳೆದಿದ್ದರು. ಕಟ್ಟಿದ ಮೇಲೆ ನಾಲ್ಕು ಬೆರಳು ತಗ್ಗಬೇಕು. ಇದು ಅಪ್ಪ ಕಲಿಸಿದ ಪಾಠ: ಹತ್ತು ಪಾಲು ಭಾರದಲ್ಲಿ ಒಂದು ಪಾಲು, ಅದಕ್ಕೊಂದು ಚಿಟಿಕೆ ಹೆಚ್ಚು, ಪಿಕಪ್ಪಿಗೆ ಟ್ರೇಲರು ಸಿಗಿಸುವ ಕೊಂಡಿಯ ಮೇಲೆ ಕೂರಬೇಕು. ಹೆಚ್ಚಾದರೆ ಪಿಕಪ್ಪಿನ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗು ಮಾತು ಕೇಳುವುದಿಲ್ಲ. ಕಡಿಮೆಯಾದರೆ ಟ್ರೇಲರು ಬಾಲ ಆಡಿಸುತ್ತದೆ.

ಇವತ್ತು ಬಂಪರು ತಗ್ಗಿಲ್ಲ. ಒಂದು ಬೆರಳು ಮೇಲೆದ್ದಿದೆ.

"ಆಗೋದಿಲ್ಲ ಮಾಮ," ಎಂದು ಅಕ್ಕ ಎದ್ದು ನಿಲ್ಲುತ್ತಾರೆ. "ಎಂಜಿನ್ ಭಾರ ಎಲ್ಲಾ ಬಾಲಕ್ಕೆ ಬಿದ್ದಿದೆ. ದೋಣಿ ಇಳಿಸಿ, ತಿರುಗಿಸಿ, ಎಂಜಿನ್ ಮುಂದೆ ಮಾಡ್ಕೊಂಡು ಹತ್ತಿಸ್ಬೇಕು."

ಮಾಮನ ಮುಖ ಗಂಟಾಗುತ್ತದೆ. "ಹಿಂದುಮುಂದಾಗಿ ಕರ್ಕೊಂಡು ಹೋಗ್ತೀಯಾ? ಊರವರೆಲ್ಲ ನೋಡೋ ಹಾಗೆ? ಒಂದು ದಿನಾನೂ ಇದು ತಲೆತಗ್ಗಿಸಿ ಹೋಗಿದ್ದಿಲ್ಲ ಮಗಳೇ. ಇನ್ನೊಂಚೂರು ಮುಂದಕ್ಕೆಳಿ, ಸರಿಹೋಗತ್ತೆ."

"ಇನ್ನೊಂಚೂರು ಎಳೆದ್ರೆ ಅದರ ಮೂತಿ ನನ್ನ ಪಕ್ಕದ ಸೀಟಿಗೆ ಬರತ್ತೆ."

"ಹಾಗಾದ್ರೆ ಮುಂದೆ ನಾನು ಕೂರ್ತೀನಿ, ಭಾರಕ್ಕೆ."

"ನಿಮ್ಮಂಥೋರು ಹತ್ತು ಜನ ಬೇಕು ಮಾಮ. ಒಬ್ಬರನ್ನೇ ಸುಧಾರಿಸೋಕೆ ಆಗ್ತಿಲ್ಲ."

ಎಂಜಿನ್ ಬಿಚ್ಚೋಣವೆಂದರೆ ಬೋಲ್ಟುಗಳು ತುಕ್ಕು ಹಿಡಿದು ಕಬ್ಬಿಣದಲ್ಲಿ ಕಬ್ಬಿಣವಾಗಿವೆ. "ಅದನ್ನ ಬೇಕಾದ್ರೆ ನಾನು ಬಿಚ್ಚಿಕೊಡ್ತೀನಿ," ಎಂದು ಗುಜರಿಯವನು ಕಟರು ತೋರಿಸುತ್ತಾನೆ. ಮಾಮ ಅವನತ್ತ ನೋಡಿದ ನೋಟಕ್ಕೆ ಕಟರಿಲ್ಲದೆಯೂ ಕಬ್ಬಿಣ ಕರಗಬೇಕು.

ಅಕ್ಕ ಯಾಕೆ ಇಷ್ಟು ಹಟ ಹಿಡಿಯುತ್ತಾರೆ? ಬಹಳ ಹಿಂದೆ, ಅವರಿಗೆ ಲೈಸೆನ್ಸು ಸಿಕ್ಕ ಹೊಸತು. ಅಪ್ಪ ಪಕ್ಕದಲ್ಲಿ ಕೂತಿದ್ದರು. ಇಳಿಸಲು ಸುಲಭವಾಗಲಿ ಎಂದು ಗಿರಾಕಿಯೊಬ್ಬ ಜನರೇಟರನ್ನು ಟ್ರೇಲರಿನ ತುದಿಗೆ ಕೂರಿಸಿ ಕಟ್ಟಿಬಿಟ್ಟಿದ್ದ. ಅವಸರದಲ್ಲಿ ಅವತ್ತು ಗೇಣು ಹಾಕಿರಲಿಲ್ಲ. ಇಳಿಜಾರಿನಲ್ಲಿ ಟ್ರೇಲರು ಬಾಲ ಆಡಿಸಿತು, ಪಿಕಪ್ಪಿನ ಸೊಂಟ ಹಿಡಿದು ಕುಣಿಸಿತು. ಹುಡುಗಿಯ ಕಾಲು ಬ್ರೇಕಿನ ಕಡೆಗೆ ಓಡಿತು. ಅಪ್ಪ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು, ಪೇಪರು ಓದುವವರ ದನಿಯಲ್ಲಿ, "ಬ್ರೇಕ್ ಮುಟ್ಬೇಡ. ಆಕ್ಸಿಲರೇಟರಿಂದ ಕಾಲು ತೆಗಿ. ಸ್ಟೇರಿಂಗ್ ನೆಟ್ಟಗೆ ಹಿಡ್ಕೋ, ಅಷ್ಟೇ," ಎಂದರು. ಇನ್ನೊಂದು ಕೈಯಿಂದ, ಸ್ಟೇರಿಂಗ್ ಪಕ್ಕದಲ್ಲಿದ್ದ ಟ್ರೇಲರಿನ ಬ್ರೇಕನ್ನು ಮಾತ್ರ ಮೆಲ್ಲಗೆ ಒತ್ತಿದರು. ಹಿಂದಿನದು ನಿಂತರೆ ತಾನೇ ಮುಂದಿನದು ನೆಟ್ಟಗಾಗುವುದು. ಗಾಡಿ ನಿಂತ ಮೇಲೆ ಅಪ್ಪ ಇಳಿದುಹೋಗಿ ರಸ್ತೆ ಬದಿಯಲ್ಲಿ ಬಹಳ ಹೊತ್ತು ಕೂತಿದ್ದರು. ಎದ್ದವರು ಮೊದಲು ಬಂಪರಿಗೆ ಗೇಣು ಹಾಕಿದರು.

"ಎಳೆಯೋದು ಎತ್ತೂ ಎಳೆಯತ್ತೆ. ನಿಲ್ಲಿಸೋದು ಕಲಿ ಅಂತಿದ್ರು ಅಪ್ಪ," ಎನ್ನುತ್ತಾರೆ ಅಕ್ಕ.

ಹೊಳೆದಂಡೆಯಲ್ಲಿ ಹೊತ್ತು ಏರುತ್ತಿದೆ. ಮಾಮ ದೋಣಿಗೆ ಬೆನ್ನು ಕೊಟ್ಟು ಕೂತಿದ್ದಾರೆ. "ತುಂಡು ಮಾಡಿದ್ರೂ ಪರವಾಗಿಲ್ಲ, ಹಿಂದುಮುಂದು ಹೋಗೋದು ಬೇಡ," ಎಂದು ಹೇಳಿಯೂ ಆಗಿದೆ. ಗುಜರಿಯವನು ಬನ್ನಿನ ಚೂರು ಕೊಡವಿಕೊಂಡು ಎದ್ದಿದ್ದಾನೆ. ಅಕ್ಕ ಹೋಗಿ ಮಾಮನ ಪಕ್ಕ ಕೂರುತ್ತಾರೆ. 

"ಮಾಮ, ದೋಣಿ ದಡಕ್ಕೆ ಬರುವಾಗ ಮೂತಿ ಎಲ್ಲಿಗೆ ತಾಗ್ತಿತ್ತು?"

"ದಡಕ್ಕೆ. ಇನ್ನೆಲ್ಲಿಗೆ?"

"ಬಿಡುವಾಗ?"

"ಬಿಡುವಾಗ ಹಿಂದಕ್ಕೆ ತಗೊಂಡು..." ಎಂದವರು ಅಲ್ಲೇ ನಿಲ್ಲುತ್ತಾರೆ.

"ನಾನು ಮೂತಿಯಲ್ಲೇ ಕೂರ್ತಿದ್ದೆ. ನಡುನೀರಿನ ತನಕ ಅಪ್ಪ ಕಾಣ್ತಿದ್ರು. ಒಂದು ದಿನಾನೂ ನೀವು ದಡಕ್ಕೆ ಬೆನ್ನು ತೋರಿಸಿ ಹೊರಟಿದ್ದಿಲ್ಲ. ಇವತ್ತು ಯಾಕೆ ತೋರಿಸ್ಬೇಕು?"

ಮಾಮ ಎದ್ದು, ಪ್ಯಾಂಟು ಮೊಣಕಾಲಿಗೆ ಮಡಚಿ, ಉದ್ದನೆಯ ಗಳ ಕೈಗೆತ್ತಿಕೊಳ್ಳುತ್ತಾರೆ.

ಟ್ರೇಲರು ಮತ್ತೆ ನೀರಿಗಿಳಿಯುತ್ತದೆ. ವರ್ಷಗಳ ಮೇಲೆ ದೋಣಿ ತೇಲುತ್ತದೆ, ಒಂದು ಮೂಲೆಯಲ್ಲಿ ನೀರು ಜಿನುಗುತ್ತದೆ, ಮುಳುಗುವಷ್ಟೇನಲ್ಲ. ಮಾಮ ಒಳಗೆ ನಿಂತು ಗಳ ಊರಿ ಅದನ್ನು ತಿರುಗಿಸುವ ಚೆಂದ ನೋಡಿದರೆ, ವಯಸ್ಸು ದಂಡೆಯಲ್ಲೇ ಚಪ್ಪಲಿಯ ಜೊತೆ ಉಳಿದುಹೋಗಿದೆ ಅನ್ನಿಸಬೇಕು. ಇನ್ನೊಂದು ಹಗ್ಗ ಹಿಡಿಯಲು ಜನ ಸಾಲದೆ ಗುಜರಿಯವನೇ ಕೈ ಹಾಕುತ್ತಾನೆ. "ಬಾಯಿಗೆ ಬಂದ ತುತ್ತನ್ನ ನಾನೇ ಎತ್ತಿಕೊಡ್ತಿದ್ದೀನಲ್ಲಪ್ಪ," ಎಂದು ಗೊಣಗುತ್ತಲೇ ಎಳೆಯುತ್ತಾನೆ.

ಎಂಜಿನ್ ಮುಂದೆ, ಮೂತಿ ಹಿಂದೆ. ಮತ್ತೆ ಗೇಣು. ಈ ಸಲ ನಾಲ್ಕು ಬೆರಳಿಗೆ ಒಂದು ಕೂದಲೆಳೆ ಹೆಚ್ಚು ತಗ್ಗಿದೆ. ಅಕ್ಕ ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ಹಾಯಿಸಿ ಕಟ್ಟುತ್ತಾರೆ. ಕೊಂಡಿ ಕಳಚಿದರೂ ಟ್ರೇಲರಿನ ಮೂಗು ನೆಲಕ್ಕೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ಕೂರಲಿ ಎಂದು. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಇಳಿದು, ಕಟ್ಟಿದ ಪಟ್ಟಿಗಳನ್ನೆಲ್ಲ ಎಳೆದು ನೋಡಿ, ಚಕ್ರದ ನಡುವಿನ ಗುಂಬಗಳನ್ನು ಮಗುವಿನ ಹಣೆ ಮುಟ್ಟಿದಂತೆ ಮುಟ್ಟಿ ನೋಡುತ್ತಾರೆ. ಜ್ವರ ಇಲ್ಲ.

"ನಡ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ತಲುಪ್ತಿದ್ದೆ," ಎನ್ನುತ್ತಾರೆ ಪಕ್ಕದ ಸೀಟಿನಿಂದ ಮಾಮ.

"ಇಳಿಯಿರಿ ಮತ್ತೆ. ದೋಣಿ ನಾನು ತಲುಪಿಸ್ತೀನಿ."

ಮಾಮ ಇಳಿಯುವುದಿಲ್ಲ. ಪಕ್ಕದ ಉದ್ದನೆಯ ಕನ್ನಡಿಯಲ್ಲಿ ದೋಣಿಯ ಅಂಚು, ಅದರಾಚೆ ಹೊಳೆ. ಮೂತಿ ಹೊಳೆಯ ಕಡೆಗೇ ಇದೆ. ರಸ್ತೆ ತಿರುಗಿ ನೀರು ಮರೆಯಾಗುವವರೆಗೂ ಅವರು ಕನ್ನಡಿಯಿಂದ ಕಣ್ಣು ಕೀಳುವುದಿಲ್ಲ. ಹಿಂದೆ ಒಂದು ಬಸ್ಸು ಸೇರಿಕೊಂಡು ಹಾರ್ನು ಶುರುವಿಡುತ್ತದೆ. ಅಕ್ಕ ಎರಡನೇ ಗೇರಿನಲ್ಲಿ ಇಳಿಜಾರು ಇಳಿಸುತ್ತಾರೆ. ಬಾಲ ಅಲುಗುವುದಿಲ್ಲ.

ಪಾರ್ಕಿನ ಗೇಟಿನೊಳಗೆ ಮರಳು ಹಾಸಿ ಕಾದಿದ್ದಾರೆ. ದಾರಿಯುದ್ದಕ್ಕೂ ನಿಧಾನವನ್ನು ಬೈದುಕೊಂಡು ಬಂದ ಮಾಮ, ಗಾಡಿ ನಿಂತ ಮೇಲೂ ಬಾಗಿಲ ಹಿಡಿಗೆ ಕೈ ಹಾಕುವುದಿಲ್ಲ.

"ಇಷ್ಟು ಬೇಗ ಬಂದುಬಿಟ್ವಾ?" ಎನ್ನುತ್ತಾರೆ.

ಅಕ್ಕ ಎಂಜಿನ್ ಆಫ್ ಮಾಡುತ್ತಾರೆ.

"ಚಕ್ರಕ್ಕೆ ಕಲ್ಲು ಕೊಟ್ಟು ಬರ್ತೀನಿ, ನೀವು ಕೂತಿರಿ ಮಾಮ. ಇಳಿಸೋಕೆ ನನಗೆ ಅವಸರ ಇಲ್ಲ."