ನೆಟ್ಟಗೆ ನಡೆದ ತಪ್ಪು

ಅಂಗವಿಕಲರ ಈ ಸರ್ಟಿಫಿಕೇಟು ನನಗೆ ದುಬಾರಿ ಬಿದ್ದಿತು. ಬ್ಯಾಡಗಿಯಿಂದ ಹಾವೇರಿಗೆ ಆರು ಸಲದ ಬಸ್ ಚಾರ್ಜು, ನಾಲ್ಕು ಫೋಟೋ, ತಪ್ಪಿಹೋದ ಎರಡು ದನದ ಸಂತೆ, ಅದರ ಮೇಲೆ ಮೂರು ವರ್ಷದ ಹೊಟ್ಟೆಕಿಚ್ಚು. ಮೊದಲಿನವಕ್ಕೆ ಸರ್ಕಾರ ಕಾರಣ, ಕೊನೆಯದಕ್ಕೆ ಪಕ್ಕದ ಮನೆಯ ದರ್ಜಿ ಮೌಲಾಸಾಬ ಕಾರಣ ಎಂದು ಬಹಳ ದಿನ ನಂಬಿದ್ದೆ. ನಿನ್ನೆ ಓಣಿಯ ಹೆಣ್ಣುಮಗಳೊಬ್ಬಳು ತನ್ನ ತಮ್ಮನಿಗೆ ಅರ್ಜಿ ಹಾಕುವುದು ಹೇಗೆಂದು ಕೇಳಲು ಬಂದಳು. ತೋರಿಸೋಣವೆಂದು ಟ್ರಂಕಿನಿಂದ ಕಾಗದ ತೆಗೆದರೆ ನುಸಿಗುಳಿಗೆಯ ವಾಸನೆಯ ಜೊತೆಗೆ ಆ ಹಳೆಯ ಉರಿಯೂ ಮೇಲೆದ್ದು ಬಂತು.

ನಾನು ಎತ್ತಿನ ದಲಾಲಿ. ಹಾವೇರಿ, ರಾಣೆಬೆನ್ನೂರು ಸಂತೆಗಳಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸಿ, ಯಾರ ಹಂಗೂ ಇಲ್ಲದೆ ಮನೆ ಕಟ್ಟಿದವನು. ಚಿಕ್ಕಂದಿನಲ್ಲಿ ಪೋಲಿಯೋ ಬಡಿದು ಎಡಗಾಲು ಸೊರಗಿ ಗಿಡ್ಡವಾಗಿತ್ತು. ಕುಂಟ ದಲಾಲಿ ತೋರಿಸಿದ ಎತ್ತನ್ನು ಯಾರು ನಂಬಿ ಕೊಳ್ಳುತ್ತಾರೆ ಹೇಳಿ? ಎಡ ಬೂಟಿನಲ್ಲಿ ಬಟ್ಟೆಯ ಮಡಿಕೆ ಇಟ್ಟು, ಎದೆ ಸೆಟೆಸಿ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದೆ. ಊರಿನಲ್ಲಿ ಯಾರಿಗೂ ಗೊತ್ತಿಲ್ಲವೆಂಬ ಹೆಮ್ಮೆ ಬೇರೆ.

ಹಾವೇರಿ ಆಗಷ್ಟೇ ಜಿಲ್ಲೆಯಾಗಿತ್ತು. ಪ್ರತಿಯೊಂದಕ್ಕೂ ಧಾರವಾಡಕ್ಕೆ ಓಡುವ ಕೆಲಸ ತಪ್ಪಿತ್ತು. ಮಾಸಾಶನ ಬೇಕಾದವರನ್ನು ಡಾಕ್ಟರು ಹಾವೇರಿಯಲ್ಲೇ ಪರೀಕ್ಷಿಸುತ್ತಾರೆಂದು ಸುದ್ದಿ ತಂದವನೇ ನಾನು. ಊರ ಲೆಕ್ಕಿಗ ತಲಾಟಿಯ ಹಿಂದೆ ಅಡ್ಡಾಡಿ ನನಗೂ ಮೌಲಾಸಾಬನಿಗೂ ವರಮಾನದ ದಾಖಲೆ ಮಾಡಿಸಿದವನೂ ನಾನೇ. ನನ್ನ ಕಾಲಿನ ಗುಟ್ಟನ್ನು ಅವನೊಬ್ಬನಿಗೆ ಬಾಯಿಬಿಟ್ಟು ಹೇಳಿದ್ದೂ ಆಗಲೇ, ಅದೇ ಮೊದಲ ಸಲ. ಮೌಲಾಸಾಬನ ಬಲಗಾಲು ಪೂರಾ ಒಣಗಿತ್ತು. ಎಡಗಾಲೊಂದರಿಂದಲೇ ಹೊಲಿಗೆ ಮಿಷನ್ನು ತುಳಿಯುತ್ತಿದ್ದ. ಬಸ್ಸಿನಲ್ಲಿ ಅವನಿಗೆ ದಾರಿಯುದ್ದಕ್ಕೂ ಪಾಠ ಹೇಳಿದೆ: "ಕೆಲಸ ಮಾಡಾಕ ಆಗೂದ ಇಲ್ಲ ಅನ್ನು. ಗ್ವಾಡಿ ಹಿಡಕೊಂಡ ನಡಿ."

ಅವನು ಒಂದನ್ನೂ ಪಾಲಿಸಲಿಲ್ಲ. "ಒಂದ ಕಾಲಿಲೆ ಮಿಷನ್ ತುಳೀತೀನ್ರಿ ಸಾಹೇಬ್ರ, ಸಂಜೀಮುಂದ ಸೊಂಟ ಹಿಡೀತೈತಿ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಡಾಕ್ಟರು ಕಾಲು ಮುಟ್ಟಿ ನೋಡಿ, ಬರೆದು, ಸಹಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ನಡದ ತೋರಸ್ರಿ" ಅಂದರು.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಕಾಲೆಳೆಯುವ ಎತ್ತನ್ನು ಗಿರಾಕಿಯ ಮುಂದೆ ನಡೆಸುವಾಗ ಹಗ್ಗವನ್ನು ಗಿಡ್ಡ ಹಿಡಿಯಬೇಕು, ಜೋರಾಗಿ ನಡೆಸಬೇಕು, ಗಟ್ಟಿ ಕಾಲು ಗಿರಾಕಿಯ ಕಡೆ ಇರುವಂತೆ ತಿರುಗಿಸಬೇಕು. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ, ಯಾರಾದರೂ ನಡೆದು ತೋರಿಸು ಅಂದರೆ ಮತ್ತೇನು ಹೊಳೆದೀತು? ತಲೆ ಎತ್ತಿದೆ, ಬಲಗಾಲನ್ನು ಡಾಕ್ಟರ ಕಡೆ ಇಟ್ಟುಕೊಂಡು ಸರಸರ ನಡೆದೆ, ಬಾಗಿಲ ಹತ್ತಿರ ಚೆಂದಾಗಿ ತಿರುಗಿ ಬಂದೆ. "ಭಾಳ ಚಲೋ ನಡೀತೀರಿ. ಹೋಗಿ ಬರ್ರಿ" ಎಂದು ಕಾಗದ ವಾಪಸು ಕೊಟ್ಟರು. ಹೊರಗೆ ಬಂದ ಮೇಲೆ ಮೌಲಾಸಾಬ, "ಏನ್ರಿ ದಲಾಲರ, ನಿಮ್ಮನ್ನ ನೀವ ಮಾರಾಕ ನಿಂತಿದ್ರೇನು?" ಅಂದ. ನನಗೆ ನಗು ಬರಲಿಲ್ಲ.

ಮುಂದಿನ ಮೂರು ವರ್ಷ ಹೇಗೆ ಕಳೆದೆನೆಂದು ಕೇಳಬೇಡಿ. ಪೋಸ್ಟಮನ್ ನನ್ನ ಕಟ್ಟೆ ದಾಟಿಹೋಗಿ ಪಕ್ಕದಲ್ಲಿ ನಿಂತು, "ಮೌಲಾಸಾಬ್ರ, ಪಗಾರ ಬಂದೈತಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅವನು ರಾಣೆಬೆನ್ನೂರಿಗೆ ಗುಂಡಿ, ದಾರ ತರಲು ಅಂಗವಿಕಲರ ಬಸ್ ಪಾಸಿನ ಮೇಲೆ ಹೋಗುತ್ತಿದ್ದ. ಕಂಡಕ್ಟರು ಬೇರೆಯವರನ್ನು ಎಬ್ಬಿಸಿ ಅವನನ್ನು ಕೂಡಿಸುತ್ತಿದ್ದ. ಅದೇ ಬಸ್ಸಿನಲ್ಲಿ ನಾನು ಟಿಕೆಟು ತೆಗೆಸಿ, ಸೊರಗಿದ ಕಾಲಿನ ಮೇಲೆ ನಿಂತು ಅವನ ಟೊಪ್ಪಿಗೆಯನ್ನೇ ನೋಡುತ್ತ ಹೋಗುತ್ತಿದ್ದೆ. ನೆರಳಿನಲ್ಲಿ ಕೂತು ಹೊಲಿಯುವವನಿಗೆ ಪಗಾರ, ಬಿಸಿಲಿನಲ್ಲಿ ತಿರುಗುವ ನನಗೆ ಏನೂ ಇಲ್ಲವೇ? ಒಂದು ಮಧ್ಯಾಹ್ನ ತಡೆಯಲಾರದೆ ತಹಶೀಲ್ದಾರರಿಗೆ ಮೂಗರ್ಜಿ ಬರೆದೆ. ಇಂಥ ದರ್ಜಿ ದಿನವಿಡೀ ಮಿಷನ್ ತುಳಿಯುತ್ತಾನೆ, ಅವನ ಕಾಲನ್ನು ಮತ್ತೊಮ್ಮೆ ನೋಡಿರಿ ಎಂದು. ಕೆಳಗೆ ಹೆಸರು ಹಾಕಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅವನಿಗೆ, ಮೂಗರ್ಜಿ ಬಂದಿರುವುದರಿಂದ ಮರುಪರೀಕ್ಷೆ ಎಂಬ ಪತ್ರ ಬಂತು, ಮಾಸಾಶನ ನಿಂತಿತು. ಪತ್ರ ಹಿಡಿದುಕೊಂಡು ಅವನು ಬಂದದ್ದು ನನ್ನ ಮನೆಗೇ. "ದಲಾಲರ, ಆಫೀಸಿನ ಹಾದಿ ನಿಮಗ ಗೊತ್ತೈತಿ. ನನ್ನ ಸಂಗಾಟ ಬರ್ರಿ. ಇದು ಹೋದ್ರ ನಮ್ಮವ್ವನ ಔಷಧ ನಿಲ್ಲತೈತಿ." ಅವನ ತಾಯಿಯ ಔಷಧ ಆ ಹಣದಲ್ಲಿ ಬರುತ್ತಿತ್ತೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಹೋಗದೆ ಇರಲು ಯಾವ ನೆವವೂ ಹೊಳೆಯಲಿಲ್ಲ.

ಅದೇ ಡಾಕ್ಟರು ಇದ್ದರು. ಮೌಲಾಸಾಬನ ಕಾಲು, ಸೊಂಟ ಎರಡನ್ನೂ ನೋಡಿ ಮೊದಲಿಗಿಂತ ಹೆಚ್ಚು ಶೇಕಡಾ ಬರೆದರು. ನನ್ನ ಜೀವ ತುಸು ಹಗುರಾಯಿತು. ಎದ್ದು ಹೊರಡಬೇಕು, ಅಷ್ಟರಲ್ಲಿ ಅವನು ಅಂದ: "ಸಾಹೇಬ್ರ, ಇವರ ಕಾಲೂ ಒಂಚೂರು ನೋಡ್ರಿ. ನಡಸಬ್ಯಾಡ್ರಿ, ಅಳೀರಿ. ಇವರ ಪೈಜಾಮ ಹೊಲಿಯಾಂವ ನಾನು. ಎಡಗಾಲಿಗೆ ಎರಡ ಇಂಚು ಕಡಿಮಿ ಹಿಡೀತೀನಿ."

ಇಷ್ಟು ವರ್ಷ ನನ್ನ ಪೈಜಾಮದ ಅಂಚು ಎರಡೂ ಕಡೆ ಸರಿಯಾಗಿ ಕೂತದ್ದು ನನ್ನ ನಡಿಗೆಯ ಜಾಣತನ ಅಂದುಕೊಂಡಿದ್ದೆ. ಅವನು ಒಂದು ದಿನವೂ ಬಾಯಿಬಿಡದೆ ಕತ್ತರಿಯಲ್ಲೇ ಅದನ್ನು ಸರಿಮಾಡುತ್ತ ಬಂದಿದ್ದ. ಡಾಕ್ಟರು ನನ್ನ ಬೂಟು ಬಿಚ್ಚಿಸಿ, ಮಲಗಿಸಿ, ಟೇಪು ಹಿಡಿದರು. "ಆವತ್ತ ಪರೇಡ್ ಮಾಡಿದವರು ನೀವ ಅಲ್ಲೇನ್ರಿ?" ಎಂದು ನಗುತ್ತ ನನಗೂ ಬರೆದುಕೊಟ್ಟರು.

ವಾಪಸು ಬರುವಾಗ ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಿತು. ಮೌಲಾಸಾಬ ಕಿಟಕಿಯ ಹೊರಗೆ ನೋಡುತ್ತ, "ಆ ಅರ್ಜಿ ಯಾರ ಬರದ್ರೋ ಏನೋ, ಅವರು ನನಗೊಂದು ಚಾ ಕುಡಸಬೇಕು ನೋಡ್ರಿ" ಅಂದ. ನಾನು ಇಳಿದುಹೋಗಿ ಚಹಾ ತಂದುಕೊಟ್ಟೆ. ಅವನು ಕುಡಿದ. ಆ ವಿಷಯವನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಹೊಟ್ಟೆಕಿಚ್ಚು ಪೂರಾ ಆರಿದೆ ಎಂದರೆ ಸುಳ್ಳಾದೀತು. ಈಗ ಅದು ಅವನ ಪಗಾರಿನ ಮೇಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವನಂತೆ ಇರುವ ಅವನ ಶಕ್ತಿಯ ಮೇಲಿದೆ. ಅದಕ್ಕೆ ಎಲ್ಲಿ ಅರ್ಜಿ ಹಾಕಬೇಕೋ ನನಗೆ ತಿಳಿಯದು.

ನಿನ್ನೆ ಆ ಹೆಣ್ಣುಮಗಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪರೀಕ್ಷೆಗೆ ದಿನಾ ಉಡುವ ಬಟ್ಟೆಯಲ್ಲೇ ಹೋಗಿರಿ. ಇಲ್ಲದ ನೋವು ಹೇಳಬೇಡಿರಿ, ಇದ್ದ ನೋವು ಮುಚ್ಚಬೇಡಿರಿ. ಕಾಲು ಗಿಡ್ಡವಿದ್ದರೆ ಅಳೆಯಲು ಕೇಳಿರಿ. ಅಸಲು ಕಾಗದ ಯಾರ ಕೈಗೂ ಬಿಟ್ಟು ಬರಬೇಡಿರಿ, ಝೆರಾಕ್ಸ್ ಕೊಡಿರಿ. ನಿಮಗಿಂತ ಮೊದಲು ಪಕ್ಕದ ಮನೆಯವರಿಗೆ ಮಂಜೂರಾಗಿದ್ದರೆ ಅವರ ಅರ್ಜಿಯ ನಕಲು ಇಸಿದುಕೊಳ್ಳಿರಿ. ಎಲ್ಲಿ ಏನು ಬರೆಯಬೇಕೆಂದು ಅದರಲ್ಲೇ ಇರುತ್ತದೆ. ಹೋಗುವ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ.