ರೋಗದ ತಲೆ ಹಿಡಿದು ಫೈಲು ಹುಡುಕುವ ಓಬುಳಪತಿ

ಬೆಳಗಿನ ಆರು ಗಂಟೆ. ಹಿಂದೂಪುರದ ಒಂದು ಖಾಸಗಿ ಆಸ್ಪತ್ರೆಯ ಹಿತ್ತಲಲ್ಲಿ ಓಬುಳಪತಿ ಕುಕ್ಕರಗಾಲಲ್ಲಿ ಕೂತು ಕಟ್ಟುಗಳ ದಾರ ಬಿಚ್ಚುತ್ತಿದ್ದಾರೆ. ನಿನ್ನೆ ಸಂಜೆ ಅವನ್ನು ಕಟ್ಟಿದವರೂ ಅವರೇ. ಒಳಗಿರುವುದು ಹಳೆಯ ರೋಗಿಗಳ ಕೇಸ್ ಶೀಟುಗಳು. ಎಂಟಕ್ಕೆ ರದ್ದಿ ಲಾರಿ ಬರುತ್ತದೆ. ಅಷ್ಟರೊಳಗೆ ಹರಿತಾಳ ಫೈಲು ಸಿಗಬೇಕು.

ಹರಿತಾಳ ತಾಯಿ ಆದಿಲಕ್ಷ್ಮಮ್ಮ ಲೇಪಾಕ್ಷಿಯಿಂದ ಮೊದಲ ಬಸ್ಸಿಗೆ ಬಂದು ಎದುರಿಗೆ ನಿಂತಿದ್ದಾರೆ. ಮಗಳನ್ನು ಕೊಟ್ಟಿರುವುದು ಕಲ್ಯಾಣದುರ್ಗಕ್ಕೆ. ಎರಡನೇ ಹೆರಿಗೆ, ಅಲ್ಲೇ ಇವತ್ತು ಹನ್ನೊಂದು ಗಂಟೆಗೆ ಆಪರೇಷನ್. ಹತ್ತು ವರ್ಷದ ಹಿಂದೆ ಈ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟ ಕೂಡಲೇ ಹರಿತಾಳ ಮುಖ ಊದಿ ಉಸಿರು ಕಟ್ಟಿತ್ತು. ಅದು ಯಾವುದೆಂದು ಕಲ್ಯಾಣದುರ್ಗದ ಡಾಕ್ಟರು ಕೇಳುತ್ತಿದ್ದಾರೆ. ಮನೆಯಲ್ಲಿದ್ದ ಚೀಟಿಯನ್ನು ಗೆದ್ದಲು ತಿಂದಿದೆ.

"ಸೂಜಿ ಚುಚ್ಚಿದ್ದು ಗೊತ್ತು ಕಣಣ್ಣ. ಅದರೊಳಗೆ ಏನಿತ್ತು ಅಂತ ನಂಗೇನು ಗೊತ್ತು?" ಎನ್ನುತ್ತಾರೆ ಆಕೆ.

ಓಬುಳಪತಿಯವರದು ಬೆಳುಗುಪ್ಪ. ಒಂಬತ್ತನೇ ಕ್ಲಾಸು ಫೇಲು. ಸ್ಟ್ರೆಚರ್ ತಳ್ಳಲು ಸೇರಿದವರನ್ನು ಇಪ್ಪತ್ತೊಂದು ವರ್ಷದ ಹಿಂದೆ ರೆಕಾರ್ಡ್ ರೂಮಿಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ. ದಿನಕ್ಕೆ ನಲವತ್ತು ಫೈಲು ತೆಗೆಯುವುದು, ನಲವತ್ತು ಇಡುವುದು. ಧೂಳು ಕುಡಿದೂ ಕುಡಿದೂ ಕೆಮ್ಮು ನಿಂತಿಲ್ಲ.

ಹೆಸರು ಹಿಡಿದು ಜೋಡಿಸೋಣವೆಂದರೆ ಈ ಸೀಮೆಯಲ್ಲಿ ಮನೆಗೊಬ್ಬ ಓಬುಳೇಶ್, ಬೀದಿಗೊಬ್ಬ ತಿಪ್ಪೇಸ್ವಾಮಿ. ನಂಬರು ಬರೆದ ಚೀಟಿ ತರುವವರು ಕಡಿಮೆ. ಆಗ ಇಲ್ಲಿದ್ದ ಡಾಕ್ಟರೊಬ್ಬರು ದಾರಿ ತೋರಿಸಿದರು. ರೋಗಗಳ ಇಂಗ್ಲಿಷ್ ಹೆಸರುಗಳ ಮುಂದೆ ಗ್ರೀಕಿನಿಂದ ಬಂದ ತುಣುಕುಗಳಿರುತ್ತವೆ, ಅವನ್ನು ಕಲಿತರೆ ಸಾಕು ಎಂದರು. ಓಬುಳಪತಿ ಅದಕ್ಕೆ ತಲೆ, ಉಳಿದದ್ದಕ್ಕೆ ಬಾಲ ಎನ್ನುತ್ತಾರೆ.

"ಹೈಪರ್ ಅಂದ್ರೆ ಜಾಸ್ತಿ, ಹೈಪೋ ಅಂದ್ರೆ ಕಮ್ಮಿ, ಹೆಮಿ ಅಂದ್ರೆ ಅರ್ಧ. ಒಂದು ಪಕ್ಕ ಬಿದ್ದೋಯ್ತು ಅಂತ ಬಂದ್ರೆ ಹೆಮಿ ರ‍್ಯಾಕು. ಬಾಲ ನಂಗೆ ಬ್ಯಾಡ. ಗ್ರೀಕರು ನಮ್ಮೂರಿಗೆ ಬಂದಿದ್ರೋ ಇಲ್ವೋ, ಅವ್ರ ಮಾತಲ್ಲೇ ನನ್ನ ಹೊಟ್ಟೆ ನಡೀತು!"

ಒಬ್ಬರ ರೋಗ ಬದಲಾದರೆ ಫೈಲೂ ರ‍್ಯಾಕು ಬದಲಿಸುತ್ತದೆ. ಹೈಪರ್‌ನಲ್ಲಿದ್ದ ಬಿ.ಪಿ.ಯವರು ಲಕ್ವ ಹೊಡೆಸಿಕೊಂಡು ಹೆಮಿಗೆ ಬರುವುದನ್ನು ಅವರು ನೂರಾರು ಸಲ ನೋಡಿದ್ದಾರೆ.

ಕಳೆದ ವರ್ಷ, 2005ರಲ್ಲಿ, ಆಸ್ಪತ್ರೆಗೆ ಕಂಪ್ಯೂಟರ್ ಬಂತು. ಮೂರು ವರ್ಷದ ಈಚಿನದ್ದಷ್ಟೇ ಅದರೊಳಗೆ ಹೋಯಿತು. ಉಳಿದದ್ದು ರದ್ದಿ. ನಾಳೆ ಸೋಮವಾರದಿಂದ ಓಬುಳಪತಿ ಗೇಟಿನ ಕೆಲಸಕ್ಕೆ.

ಉಸಿರು ಕಟ್ಟಿದ ಕೇಸೆಂದು ಅವರು ಮೊದಲು ಕಷ್ಟ ಎಂಬರ್ಥದ ಡಿಸ್ ತಲೆಯ ಕಟ್ಟುಗಳನ್ನು ಬಿಚ್ಚುತ್ತಾರೆ. ಅಲ್ಲಿಲ್ಲ. ರಾತ್ರಿ ಪಾಳಿ ಮುಗಿಸಿ ಹೊರಟ ಹಿರಿಯ ನರ್ಸ್ ಬನಶಂಕರಿ ನಿಲ್ಲುತ್ತಾರೆ. ಹರಿತಾ ಒದ್ದಾಡಿದ ದಿನ ವಾರ್ಡಿನಲ್ಲಿದ್ದವರು ಅವರೇ.

"ಹೈಪರ್‌ಸೆನ್ಸಿಟಿವಿಟಿ ಅಂತ ಬರೆದಿದ್ರಲ್ಲಣ್ಣ. ಆ ಮದ್ದು ಮೈಗೆ ಆಗಲ್ಲ ಅಂತ. ಯಾವ ಮದ್ದು ಅನ್ನೋದು ನೆನಪಿಲ್ಲ."

ಓಬುಳಪತಿಯವರ ಕೈ ನಿಲ್ಲುತ್ತದೆ. ತಲೆ ಹೈಪರ್ ಎಂದು ಕಂಡದ್ದೇ ಬಿ.ಪಿ.ಯವರ ನಡುವೆ ಇಟ್ಟಿದ್ದನ್ನು ಹೇಳುತ್ತಾರೆ. ಹೈಪರ್‌ನದ್ದು ಮೂವತ್ತೊಂದು ಕಟ್ಟು.

"ಅಷ್ಟು ಜನ ಮುದುಕ್ರ ಮಧ್ಯೆ ಒಂದು ಮಗೂನ ಕೂರಿಸ್ಬುಟ್ಯಾ? ಬಾಲನೂ ಒಸಿ ನೋಡಬಾರದಿತ್ತಾ?" ಎನ್ನುತ್ತಾರೆ ಆದಿಲಕ್ಷ್ಮಮ್ಮ.

"ನೋಡಬೇಕಿತ್ತಮ್ಮ. ತಪ್ಪು ನಂದೇ," ಎಂದು ಮೊದಲ ಕಟ್ಟು ಎಳೆದುಕೊಳ್ಳುತ್ತಾರೆ.

ಬನಶಂಕರಿ ಚೀಲ ಇಟ್ಟು ಕೂರುತ್ತಾರೆ. ಅಕ್ಷರ ಬಾರದ ಆದಿಲಕ್ಷ್ಮಮ್ಮ ದಾರ ಬಿಚ್ಚಿ ಕೊಡುತ್ತಾರೆ. ಏಳೂವರೆಗೇ ಲಾರಿ ಬಂದುಬಿಡುತ್ತದೆ. "ತ್ವರಗಾ, ತ್ವರಗಾ" ಎಂದು ತೆಲುಗಿನಲ್ಲಿ ಅವಸರ ಮಾಡುತ್ತ ಹಮಾಲರು ನೋಡಿಯಾದ ಕಟ್ಟುಗಳನ್ನು ಎತ್ತುತ್ತಾರೆ. ನೋಡದ ಕಟ್ಟಿಗೂ ಒಬ್ಬ ಕೈ ಹಾಕಿದಾಗ ಓಬುಳಪತಿ ಅದರ ಮೇಲೇ ಕೂತುಬಿಡುತ್ತಾರೆ. "ನನ್ನೂ ಸೇರಿಸಿ ತೂಕ ಹಾಕ್ಕಳಪ್ಪ."

ಇಪ್ಪತ್ತಾರನೇ ಕಟ್ಟಿನಲ್ಲಿ ಹರಿತಾ ಸಿಗುತ್ತಾಳೆ. ಮದ್ದಿನ ಹೆಸರು ಓಬುಳಪತಿಗೆ ಓದಲು ಬರುವುದಿಲ್ಲ. ಬನಶಂಕರಿ ಓದುತ್ತಾರೆ: "ಪೆನಿಸಿಲಿನ್." ಚೀಟಿಯಲ್ಲಿ ಬರೆದುಕೊಡುತ್ತಾರೆ. ಆದಿಲಕ್ಷ್ಮಮ್ಮ ಆ ಹೆಸರನ್ನು ಬಾಯಲ್ಲೇ ಹೇಳಿಕೊಳ್ಳುತ್ತ, ಅಳಿಯನಿಗೆ ಫೋನ್ ಮಾಡಲು ಕಾಯಿನ್ ಬಾಕ್ಸಿನ ಅಂಗಡಿಗೆ ಓಡುತ್ತಾರೆ. ಹತ್ತು ನಿಮಿಷದ ಮೇಲೆ ಗೇಟಿನಿಂದಲೇ ಕೈಯೆತ್ತಿ ಹೇಳುತ್ತಾರೆ: "ಡಾಕ್ಟ್ರು ಬರ್ಕಂಡ್ರಂತೆ ಕಣಣ್ಣೋ!"

ಉಳಿದ ಐದು ಕಟ್ಟುಗಳನ್ನು ಯಾರೂ ಬಿಚ್ಚುವುದಿಲ್ಲ. ಲಾರಿ ಹೊರಡುತ್ತದೆ. ಓಬುಳಪತಿ ಕೆಮ್ಮಿ, ಕೈ ಒರೆಸಿಕೊಂಡು, ಅದು ತಿರುವು ದಾಟುವವರೆಗೂ ನೋಡುತ್ತಾರೆ. ಮುಂದೆ ಏನು ಆಸೆ ಎಂದು ಕೇಳಿದರೆ, ನೆಲದಲ್ಲಿ ಬಿದ್ದ ದಾರಗಳನ್ನು ಸುತ್ತುತ್ತ ಹೇಳುತ್ತಾರೆ:

"ಇವತ್ತು ಒಬ್ಳು ಸಿಕ್ಕಿದ್ಲು. ಆ ಲಾರೀಲಿ ಇನ್ನೂ ಎಷ್ಟು ಜನ ಅವ್ರೋ. ನಾಳೆ ಗೇಟಲ್ಲಿ ನಿಂತಿರ್ತೀನಿ ನೋಡಿ... ಹಳೇ ಫೈಲು ಬೇಕು ಅಂತ ಯಾರೂ ಬರ್ದೇ ಇರ್ಲಿ. ಅಷ್ಟೇ."